ಬಿಲ್ಲಿನಲ್ಲಿ ಸೊನ್ನೆ ಬಂದ ಮೇಲೆ ಸ್ವಿಚ್ ಆರಿಸುವವರು ಯಾರು?

ನಿವೃತ್ತ ಶಿಕ್ಷಕಿ, ಮೈಸೂರು

ನಮ್ಮ ತಾಯಿ ಪ್ರತಿ ತಿಂಗಳು ಒಂದನೇ ತಾರೀಖು ಮೀಟರ್ ನೋಡಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಯೂನಿಟ್ ಬರೆದಿಡುತ್ತಿದ್ದರು. ನನಗೂ ಅದೇ ಅಭ್ಯಾಸ. 2022–23ರಲ್ಲಿ ನಮ್ಮ ಮನೆಯ ಸರಾಸರಿ ಬಳಕೆ ತಿಂಗಳಿಗೆ 60 ಯೂನಿಟ್. 2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಜಾರಿಗೆ ಬಂದಾಗ ಆ ವರ್ಷದ ಸರಾಸರಿಗೆ ಶೇ 10 ಸೇರಿಸಿ ಉಚಿತ ಪ್ರಮಾಣ ನಿಗದಿ ಮಾಡಿದರು. ನಮಗೆ 66 ಯೂನಿಟ್. ಎದುರು ಮನೆಯಲ್ಲಿ ಸರಾಸರಿ 170 ಇತ್ತು, ಅವರಿಗೆ 187.

ಹಣದ ಮಾತಲ್ಲ ಇದು. ಮೊದಲಿನಿಂದ ಹಿಡಿತದಲ್ಲಿ ಬಳಸಿದವರಿಗೆ ಕಡಿಮೆ, ಲೆಕ್ಕವಿಲ್ಲದೆ ಬಳಸಿದವರಿಗೆ ಹೆಚ್ಚು ಎಂಬ ಲೆಕ್ಕ ಮಕ್ಕಳಿಗೆ ಏನು ಕಲಿಸುತ್ತದೆ? ಎದುರು ಮನೆಯ ಹುಡುಗ ಫ್ಯಾನ್ ಆರಿಸದೆ ಆಡಲು ಓಡುತ್ತಾನೆ. ಕೇಳಿದರೆ ‘ನಮಗೆ ಬಿಲ್ ಸೊನ್ನೆ ಅಜ್ಜಿ’ ಎನ್ನುತ್ತಾನೆ. ಬಿಲ್ ಸೊನ್ನೆ, ನಿಜ. ಆದರೆ ಬಳ್ಳಾರಿಯಲ್ಲಿ, ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲು ಸೊನ್ನೆಯಲ್ಲವಲ್ಲ.

ಹೊಲಿಗೆಯವಳು, ದಾವಣಗೆರೆ

ಮೇಡಂ, ನಿಮ್ಮ ಮಾತಿನಲ್ಲಿ ತಪ್ಪಿಲ್ಲ, ಆದರೆ ನಮ್ಮಂಥವರ ಮನೆಗೆ ಅದು ಹೊಂದುವುದಿಲ್ಲ. ನನ್ನದು ಕಾಲಿನಲ್ಲಿ ತುಳಿಯುವ ಯಂತ್ರ. ಕರೆಂಟ್ ಬೇಕಾಗುವುದು ಒಂದು ದೀಪಕ್ಕೆ, ಒಂದು ಫ್ಯಾನಿಗೆ, ಟಿ.ವಿ.ಗೆ. ನನ್ನ ಸರಾಸರಿ 38 ಯೂನಿಟ್ ಇತ್ತು. 48ಕ್ಕಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಕೊಡುತ್ತೇವೆಂದು 2024ರಲ್ಲಿ ನಿಯಮ ಬದಲಾಯಿಸಿದ್ದರಿಂದ ಈಗ 48 ಸಿಗುತ್ತದೆ.

ಮುಂಚೆ ಏಪ್ರಿಲ್ ತಿಂಗಳಲ್ಲೂ ಮಧ್ಯಾಹ್ನ ಫ್ಯಾನ್ ಹಾಕುತ್ತಿರಲಿಲ್ಲ. ಬೆವರು ಬಟ್ಟೆಗೆ ತಾಗದಿರಲಿ ಎಂದು ಮಡಿಲಲ್ಲಿ ಟವೆಲ್ ಹಾಸಿಕೊಂಡು ಕುಪ್ಪಸ ಹೊಲಿಯುತ್ತಿದ್ದೆ. ಈಗ ಫ್ಯಾನ್ ಹಾಕುತ್ತೇನೆ. ನನ್ನ ಬಳಕೆ ಹೆಚ್ಚಾಗಿದೆ ಎಂದು ಲೆಕ್ಕ ಹೇಳುತ್ತದೆ. ಅದನ್ನು ದುಂದು ಎನ್ನುತ್ತೀರಾ?

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಅಕ್ಕ, ಖಂಡಿತ ಅನ್ನುವುದಿಲ್ಲ. ದುಂದು ಇರುವುದು ನಮ್ಮಂಥವರ ಕಡೆ. ಹೊಸ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ 2020ರಲ್ಲೇ ಬಂದಿದೆ. ನಾವು ರಿಮೋಟ್ ಹಿಡಿದು 18ಕ್ಕೆ ಇಳಿಸಿ ಮೇಲೆ ರಗ್ಗು ಹೊದೆಯುತ್ತೇವೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಆದರೂ ಮೇಡಂ ಹೇಳಿದ ಸೊನ್ನೆಯಿಂದ ತೊಂದರೆ ಆಗುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 75 ವ್ಯಾಟ್‌ನ ಹಳೆಯ ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್ ದಾಟುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ, ಕಡಿಮೆ ವಿದ್ಯುತ್ ಎಳೆಯುವ ಫ್ಯಾನ್ 30 ವ್ಯಾಟ್‌ನದು, 9 ಯೂನಿಟ್ ಸಾಕು. ಊರಿನಲ್ಲಿರುವ ಅಪ್ಪನಿಗೆ ಹೇಳಿದೆ. ‘ಉಚಿತ ಕರೆಂಟಿಗೆ ಮೂರು ಸಾವಿರದ ಫ್ಯಾನ್ ಯಾಕೋ’ ಎಂದರು. ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಮನೆ ಚಾವಣಿಯ 3 ಕಿಲೋವ್ಯಾಟ್ ಸೌರ ಫಲಕಕ್ಕೆ 78,000 ರೂಪಾಯಿ ಸಹಾಯಧನ ಇದೆ ಎಂದೆ. ಅದಕ್ಕೂ ಅದೇ ಉತ್ತರ. ಉಚಿತ ಯೂನಿಟ್‌ಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ಫ್ಯಾನಿಗೆ, ಫಲಕಕ್ಕೆ ತಿರುಗಿಸಿದರೆ ಅಕ್ಕನ ಬಿಲ್ಲೂ ಏರುವುದಿಲ್ಲ, ಕಲ್ಲಿದ್ದಲೂ ಉಳಿಯುತ್ತದೆ.

ರಾಯಚೂರಿನ ಓದುಗ

ಸರಾಸರಿ ಎಂಬುದರ ಇನ್ನೊಂದು ಮುಖ ಇಲ್ಲಿದೆ. ಮೈಸೂರಿನಲ್ಲಿ ಹನ್ನೆರಡು ತಿಂಗಳೂ ಹೆಚ್ಚು ಕಡಿಮೆ ಒಂದೇ ಬಳಕೆ. ನಮ್ಮಲ್ಲಿ ಡಿಸೆಂಬರ್ ಬೇರೆ, ಮೇ ಬೇರೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆರ್‌ಸಿಸಿ ಚಾವಣಿ ರಾತ್ರಿ ಹನ್ನೊಂದಕ್ಕೂ ಕೈ ಇಟ್ಟರೆ ಸುಡುತ್ತದೆ. ಕೂಲರ್ ಇಲ್ಲದೆ ಮಗು ಮಲಗುವುದಿಲ್ಲ. ವರ್ಷದ ಸರಾಸರಿಯಲ್ಲಿ ನಿಗದಿಯಾದ ಯೂನಿಟ್ ಮೇ ತಿಂಗಳ ಮೊದಲ ಎರಡು ವಾರಕ್ಕೇ ಮುಗಿಯುತ್ತದೆ. ಮೇಲಿನದಕ್ಕೆ ಹಣ ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರಂತೂ ಪೂರ್ತಿ ಬಿಲ್ ನಮ್ಮದೇ.

ನಮ್ಮ ಜಿಲ್ಲೆಯ ಶಕ್ತಿನಗರದ್ದು 1,720 ಮೆಗಾವ್ಯಾಟ್ ಸ್ಥಾವರ, ಪಕ್ಕದ ಯರಮರಸ್‌ನದು 1,600. ರಾಜ್ಯಕ್ಕೆ ಕರೆಂಟ್ ಕೊಡುವ ಜಿಲ್ಲೆಯವರಿಗೆ ಬಿಸಿಲಿನ ಲೆಕ್ಕವನ್ನಾದರೂ ಸೇರಿಸಬೇಡವೇ?

ಪಾವಗಡದ ರೈತ

ಬೆಂಗಳೂರಿನ ತಮ್ಮನೇ, ನೀನು ಸೌರ ಫಲಕದ ಮಾತು ತೆಗೆದೆ. ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯಿಂದ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ ಸೋಲುತ್ತಿದ್ದವರಿಗೆ ಇದು ಆಸರೆ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಭೂಮಿ ಇಲ್ಲದವನಿಗೆ ಬಾಡಿಗೆ ಎಲ್ಲಿಂದ ಬರಬೇಕು? ಕಳೆ ಕೀಳುವ ಕೂಲಿ ಹೋಯಿತು, ಕುರಿ ಮೇಯುವ ಬೀಳೂ ಹೋಯಿತು.

ನೀವೆಲ್ಲ ಎಷ್ಟು ಯೂನಿಟ್ ಎಂದು ಮಾತಾಡುತ್ತಿದ್ದೀರಿ, ಯಾವ ಹೊತ್ತಿಗೆ ಎಂದು ಯಾರೂ ಕೇಳಲಿಲ್ಲ. ನಮ್ಮೂರ ಕರೆಂಟ್ ಹುಟ್ಟುವುದು ಹಗಲಿನಲ್ಲಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಹಗಲೇ ಕೊಡಿ ಎಂದು ರೈತರು ಕೇಳಿ ಕೇಳಿ ಸೋತಿದ್ದೇವೆ. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು, ಹಾವು ಚೇಳು ತುಳಿಯದಂತೆ ಬದುವಿನ ಮೇಲೆ ನಡೆದು ಮೋಟಾರ್ ಹಾಕಿದವನಿಗೆ ಆ ವ್ಯತ್ಯಾಸ ಗೊತ್ತು. ಪಟ್ಟಣದವರಿಗೆ ಸಂಪಿನ ಮೋಟಾರನ್ನು ಮಧ್ಯಾಹ್ನ ಹಾಕುವುದಕ್ಕೆ ಏನು ಅಡ್ಡಿ?

ಶರಾವತಿ ಹಿನ್ನೀರಿನವನು, ಸಾಗರ

ಪಾವಗಡದ ಅಣ್ಣನ ಈ ಪ್ರಶ್ನೆಯನ್ನು ದಯವಿಟ್ಟು ಯಾರೂ ದಾಟಿ ಹೋಗಬೇಡಿ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನಮ್ಮ ಅಜ್ಜನ ತೋಟ, ಮನೆ ಮುಳುಗಿದವು. ಆ ನೀರಿನಿಂದ ನಾಡಿಗೆಲ್ಲ ಬೆಳಕು ಬಂದ ಮೇಲೂ ನಮ್ಮ ಮನೆಯಲ್ಲಿ ಬಹಳ ಕಾಲ ಬುಡ್ಡಿ ದೀಪವೇ ಇತ್ತು. ಸಿಗಂದೂರು ದಾರಿಯಲ್ಲಿ ಹಿನ್ನೀರಿಗೆ ಸೇತುವೆ ಬಂದದ್ದು 2025ರ ಜುಲೈನಲ್ಲಿ.

ಈಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಉತ್ಪಾದಿಸುವ ಯೋಜನೆ ಇದೆ. ಎತ್ತಲು ಬೇಕಾಗುವ ವಿದ್ಯುತ್ ಬಿಡುವಾಗ ಸಿಗುವುದಕ್ಕಿಂತ ಹೆಚ್ಚು. ಅದು ಗೊತ್ತಿದ್ದೂ ಮಾಡಹೊರಟಿರುವುದು ಬೆಳಿಗ್ಗೆ ಸಂಜೆಯ ಆ ಕೆಲವು ಗಂಟೆಗಳಿಗಾಗಿ. ಎಲ್ಲರ ಮನೆಯ ಗೀಸರ್, ಇಸ್ತ್ರಿ, ವಾಷಿಂಗ್ ಮೆಷಿನ್ ಒಟ್ಟಿಗೇ ನಡೆಯುವ ಗಂಟೆಗಳು ಅವು. ಸಿಂಗಳೀಕಗಳಿರುವ ಕಣಿವೆಯ ಕಾಡನ್ನು ಅದಕ್ಕೆ ತೆರಬೇಕೇ? ಬಟ್ಟೆ ಒಗೆಯುವ ಹೊತ್ತು ಬದಲಿಸುವುದು ಕಾಡು ಕಡಿಯುವುದಕ್ಕಿಂತ ಕಷ್ಟವೆಂದು ನನಗೆ ಅನಿಸುವುದಿಲ್ಲ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಒಪ್ಪುತ್ತೇನೆ, ಆದರೆ ಒಂದು ಮಾತು. ಹಗಲಿಗೆ ಅಗ್ಗ, ಸಂಜೆಗೆ ದುಬಾರಿ ಎಂಬ ದರ ಮನೆಗಳಿಗೂ ಬರದಿದ್ದರೆ ಜನ ಹೊತ್ತು ಬದಲಿಸುವುದಿಲ್ಲ. ಬರೀ ಒಳ್ಳೆಯ ಮಾತಿನಿಂದ ಆಗುವ ಕೆಲಸವಲ್ಲ ಇದು.

ಹೊಲಿಗೆಯವಳು, ದಾವಣಗೆರೆ

ಆ ದರ ತರುವಾಗ ಸಂಜೆ ಏಳಕ್ಕೆ ಕೆಲಸದಿಂದ ಬಂದು ಅಡುಗೆಗೆ ನಿಲ್ಲುವ ಹೆಂಗಸನ್ನು ನೆನೆಯಿರಿ. ಅವಳ ಕೈಯಲ್ಲಿ ಹೊತ್ತು ಇರುವುದಿಲ್ಲ.

ನಿವೃತ್ತ ಶಿಕ್ಷಕಿ, ಮೈಸೂರು

ತಾಯಿ, ನಿನ್ನ ಮಡಿಲ ಟವೆಲ್ಲಿನ ಮಾತು ಓದಿ ಸುಮ್ಮನೆ ಕುಳಿತುಬಿಟ್ಟೆ. ನಿನ್ನ ಫ್ಯಾನ್ ದುಂದಲ್ಲ. 66 ಮತ್ತು 187ರ ಅಂತರ ಅನ್ಯಾಯ ಎಂಬ ಮಾತನ್ನು ಮಾತ್ರ ನಾನು ಬಿಡುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಇರಲಿ, ರಾಯಚೂರಿನಂಥ ಕಡೆ ಬೇಸಿಗೆಗೆ ಹೆಚ್ಚು ಕೊಡಲಿ.

ಯಾವ ಹೊತ್ತಿಗೆ ಎಂಬುದನ್ನು ನನ್ನ ಕ್ಯಾಲೆಂಡರಿನಲ್ಲಿ ಎಂದೂ ಬರೆದಿರಲಿಲ್ಲ. ನಮ್ಮ ಮೋಟಾರ್ ಓಡುವುದು ಬೆಳಿಗ್ಗೆ ಆರಕ್ಕೆ. ನಾಳೆಯಿಂದ ಹನ್ನೆರಡಕ್ಕೆ ಹಾಕುತ್ತೇನೆ. ರಾಯಚೂರಿನವರೇ, ನಿಮ್ಮ ಚಾವಣಿಗೆ ಸುಣ್ಣ ಬಳಿದು ನೋಡಿದ್ದೀರಾ?

ರಾಯಚೂರಿನ ಓದುಗ

ಬಳಿದಿದ್ದೇವೆ ಮೇಡಂ, ಹೋದ ಮಾರ್ಚ್‌ನಲ್ಲಿ ಎರಡು ಕೈ. ರಾತ್ರಿ ಫ್ಯಾನಿನ ಗಾಳಿ ಮೊದಲಿನಷ್ಟು ಬಿಸಿ ಬರುತ್ತಿರಲಿಲ್ಲ, ಕೂಲರನ್ನು ನಡುರಾತ್ರಿಗೇ ಆರಿಸುತ್ತಿದ್ದೆವು. ಮಳೆಗೆ ತೊಳೆದುಹೋಯಿತು. ಈ ಸಲ ಅಂಟು ಬೆರೆಸಿ ಬಳಿಯುತ್ತೇವೆ.