ತುದಿಯಿಲ್ಲದ ಗಂಟಿನ ಶಿಲ್ಪ, ಪೀಠದಲ್ಲಿ ಮುಂಗುಸಿ–ಕೆಂಬೂತದ ಹೆಜ್ಜೆ: ಮಳೆಗೆ ನಿಲ್ಲುವ ಹಾಗೆ ಮಾಡುವುದು ಹೇಗೆ?

ಕುಂಬಳೆಕಡವು:
ಕುಂಬಳೆ ಹತ್ತಿರ ಒಂದು ವಾಚನಾಲಯದ ಅಂಗಳಕ್ಕೆ ನಾಲ್ಕಡಿ ಎತ್ತರದ ಶಿಲ್ಪ ಆಗಬೇಕು. ಚುಕ್ಕಿ ಸುತ್ತುವ ಎಳೆ ರಂಗೋಲಿಯ ಹಾಗೆ ತುದಿಯಿಲ್ಲದ ಒಂದು ಗಂಟು ನೆಟ್ಟಗೆ ನಿಂತಿರಬೇಕು, ಕೆಳಗೆ ಪೀಠದಲ್ಲಿ ಮುಂಗುಸಿ ಮತ್ತು ಕೆಂಬೂತ ನಡೆದುಹೋದ ಹೆಜ್ಜೆ. ಹೊರಟಾಗ ಇವು ಕಣ್ಣಿಗೆ ಬಿದ್ದರೆ ಶುಭ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅದಕ್ಕೆ. ಸಂಶಯ ಮೂರು. 3×3 ಚುಕ್ಕಿ ಇಟ್ಟರೆ ಎಳೆ ಒಂದೇ ಆಗಿ ಕೂಡುವುದೇ ಇಲ್ಲ, ಎಲ್ಲಿ ತಪ್ಪು? ಕೆಂಪುಕಲ್ಲಲ್ಲಿ ಕೆತ್ತಬಹುದೋ, ಸಿಮೆಂಟೇ ಬೇಕೋ? ಹೆಜ್ಜೆ ಕೈಯಲ್ಲಿ ಕೊರೆದರೆ ಆಟಿಕೆಯ ಹಾಗೆ ಕಾಣ್ತದೆ, ನಿಜದ ಅಚ್ಚು ತೆಗೆಯುವುದು ಹೇಗೆ?

ಎಳೆಬಳ್ಳಿ:
ನಿಮ್ಮ ಕೈ ತಪ್ಪಿಲ್ಲ, ಚುಕ್ಕಿಯ ಲೆಕ್ಕ ತಪ್ಪಿದೆ. ಅಡ್ಡ ಸಾಲು, ಉದ್ದ ಸಾಲು ಎರಡನ್ನೂ ನಿಶ್ಶೇಷವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ ಎಷ್ಟೋ, ಅಷ್ಟು ಬೇರೆ ಬೇರೆ ಎಳೆ ಬರ್ತದೆ. 3×3ಕ್ಕೆ ಮೂರು, 4×6ಕ್ಕೆ ಎರಡು. 3×4 ಇಡಿ, ಒಂದೇ ಎಳೆ ಎಲ್ಲ ಚುಕ್ಕಿಯನ್ನೂ ಸುತ್ತಿ ಹೊರಟಲ್ಲಿಗೇ ಬಂದು ಸೇರ್ತದೆ.

ಚುಕ್ಕಿಯಿಂದ ಚುಕ್ಕಿಗೆ 30 ಸೆಂಟಿಮೀಟರ್ ಬಿಟ್ಟರೆ ನಡುಗೆರೆಯ ಅಳತೆಯಲ್ಲಿ ಗಂಟು 90 ಅಗಲ, 120 ಎತ್ತರ. ಎಳೆಯ ಉದ್ದ ಹತ್ತು ಮೀಟರು ಚಿಲ್ಲರೆ. 10 ಸೆಂಟಿಮೀಟರ್ ದಪ್ಪದ ಎಳೆ ಮಾಡಿದರೆ ಪಕ್ಕದ ಎಳೆಗೂ ಇದಕ್ಕೂ ನಡುವೆ ಸುಮಾರು 11 ಸೆಂಟಿಮೀಟರ್ ಸಂದು ಉಳಿಯುತ್ತದೆ. ಅದಕ್ಕಿಂತ ದಪ್ಪ ಮಾಡಬೇಡಿ, ಸಂದಿನಲ್ಲಿ ತರಗೆಲೆ ಸಿಕ್ಕಿ ಕೊಳೆತು ಹಾವಸೆ ಹಿಡಿಯುತ್ತದೆ, ದೂರದಿಂದ ಗಂಟು ಗಂಟಾಗಿ ಕಾಣುವುದೂ ಇಲ್ಲ.

ಎಳೆ ತನ್ನನ್ನು ತಾನೇ 17 ಕಡೆ ದಾಟುತ್ತದೆ. ಒಂದು ಕಡೆಯಿಂದ ಹೊರಟು ಮೇಲೆ, ಕೆಳಗೆ, ಮೇಲೆ, ಕೆಳಗೆ ಅಂತ ಗುರುತು ಮಾಡುತ್ತಾ ಹೋಗಿ, 34 ಸಲ ಹಾದು ಸುರುವಿನ ಜಾಗಕ್ಕೆ ಬಂದಾಗ ಸರಿಯಾಗಿಯೇ ಕೂಡಬೇಕು. ಕೂಡದಿದ್ದರೆ ನಡುವೆ ಒಂದು ದಾಟು ಬಿಟ್ಟಿದ್ದೀರಿ ಅಂತಲೇ ಅರ್ಥ. ಸರಳು ಬಗ್ಗಿಸುವ ಮೊದಲು ಹಲಗೆಗೆ ಮೊಳೆ ಹೊಡೆದು ತೆಂಗಿನ ಹುರಿಯಲ್ಲಿ ಒಮ್ಮೆ ಹೆಣೆದು ನೋಡಿ.

ಸರಳುಸಿಮೆಂಟು:
ಕೆಂಪುಕಲ್ಲು ಪೀಠಕ್ಕೆ ಚೆನ್ನ, ಗಂಟಿಗೆ ಬೇಡ. ಅದರ ಮೈಯೆಲ್ಲ ತೂತು. 10 ಸೆಂಟಿಮೀಟರಿನ ಎಳೆ ಮಾಡಿದರೆ ತೂತು ಇದ್ದಲ್ಲೇ ತುಂಡಾಗ್ತದೆ.

ಎಳೆಯ ಒಳಗೆ ಮೂರು 8 ಎಂಎಂ ಸರಳು ಉದ್ದಕ್ಕೆ ಓಡಲಿ, 15 ಸೆಂಟಿಮೀಟರಿಗೊಂದು 6 ಎಂಎಂ ಬಳೆ. ಅದರ ಮೇಲೆ ಸತು ಲೇಪದ ಕೋಳಿಬಲೆ ಎರಡು ಸುತ್ತು ಬಿಗಿದು ಕಟ್ಟಿ. ಇಷ್ಟಾದಾಗ ದಪ್ಪ 7 ಸೆಂಟಿಮೀಟರ್ ಮೀರಬಾರದು, ಯಾಕೆಂದರೆ ಬಲೆಯ ಮೇಲೆ ಎಲ್ಲ ಕಡೆ 15 ಎಂಎಂ ಗಾರೆ ಕೂರಲೇಬೇಕು. ಕಡಲ ಬದಿಯ ಉಪ್ಪು ಗಾಳಿಗೆ ತೆಳು ಗಾರೆ ಸಾಲದು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗಾರೆಯನ್ನು ಸೀಳ್ತದೆ. ದಾಟುಗಳಲ್ಲಿ ಎರಡು ಎಳೆಯ ಸರಳನ್ನು ತುಂಡು ಸರಳು ಹಾಕಿ ಬೆಸೆಯಿರಿ. ಗಂಟಿಗೆ ಬಲ ಬರುವುದು ಅಲ್ಲಿಂದ.

ಗಾರೆ ತೂಕದಲ್ಲಿ ಒಂದು ಪಾಲು ಸಿಮೆಂಟು, ಎರಡು ಪಾಲು ಎಂ ಸ್ಯಾಂಡ್. 50 ಕಿಲೋ ಚೀಲಕ್ಕೆ ನೀರು 20 ಲೀಟರ್, ಹೆಚ್ಚು ಬೇಡ. ಒಟ್ಟಿಗೆ ಒಂದೂವರೆ ಚೀಲ ಸಾಕಾದೀತು. ಅಳಿವೆಯ ಮರಳು ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ, ಉಪ್ಪು ಒಳಗೇ ಸೇರಿಕೊಳ್ತದೆ. ಮೊದಲ ಕೋಟಿನಲ್ಲಿ ಗಾರೆಯನ್ನು ಹೆಬ್ಬೆರಳಿನಿಂದ ಬಲೆಯೊಳಕ್ಕೆ ಒತ್ತಿ ತುಂಬಬೇಕು. ಹೊರಗಿಂದ ಮೆತ್ತಿದರೆ ಒಳಗೆ ಟೊಳ್ಳು ಉಳಿದು ನೀರು ನಿಲ್ತದೆ. ಎರಡನೆಯ ಕೋಟು ಮರುದಿನ. ಆಮೇಲೆ ಒದ್ದೆ ಗೋಣಿ ಸುತ್ತಿ 14 ದಿನ ನೀರು ಬಿಡಿ. ಕೆಲಸಕ್ಕೆ ತುಲಾ ಮಳೆ ಮುಗಿದ ಮೇಲಿನ ಡಿಸೆಂಬರ್ ಒಳ್ಳೆಯದು.

ತೂಕ 190 ಕಿಲೋದ ಆಸುಪಾಸು ಬರ್ತದೆ. ಕೆಳಗಿನ ಮೂರು ತಿರುವುಗಳಿಂದಲೂ ಸರಳನ್ನು ಪಂಚಾಂಗದ ಕಾಂಕ್ರೀಟಿಗೆ ಇಳಿಸಿ, ಬರೀ ಪೀಠದ ಮೇಲೆ ಕೂರಿಸಬೇಡಿ.

ಕುಂಬಳೆಕಡವು:
ಉಪಕಾರ ಆಯಿತು. ಎಳೆಯ ಮೇಲ್ತುದಿಗೆ ನಾಗನ ಹೆಡೆ ಇಡೋಣ ಅಂತ ಕೆಲವರ ಅಭಿಪ್ರಾಯ. ಪೀಠದಲ್ಲಿ ನಿಜವಾದ ಕುದುರೆ ಲಾಳ ಒಂದನ್ನು ಹುಗಿಯೋಣ ಅಂತಲೂ ಇದೆ.

ತೋಡಿನಬದಿ:
ಹೆಡೆ ಖಂಡಿತ ಬೇಡ. ಹೆಣೆದುಕೊಂಡ ಹಾವಿಗೆ ಹೆಡೆ ಬಂತೆಂದರೆ ನಮ್ಮ ಊರಲ್ಲಿ ಅದು ನಾಗನ ಕಲ್ಲೇ. ಅರಸಿನ ಹಚ್ಚುವವರು, ಹಾಲೆರೆಯುವವರು ಬಂದೇ ಬರ್ತಾರೆ. ಆ ಭಕ್ತಿಗೆ ನಾಗಬನ ಇದೆ, ವಾಚನಾಲಯದ ಅಂಗಳ ಅದಕ್ಕೆ ತಕ್ಕ ಜಾಗ ಅಲ್ಲ. ಹೆಡೆ ಇಟ್ಟರೆ ಎಳೆಗೆ ತುದಿಯೂ ಬಂತು, ತುದಿಯಿಲ್ಲದ್ದು ಅನ್ನುವ ಶುಭದ ಅರ್ಥವೇ ಹೋಯಿತು. ಕಬ್ಬಿಣದ ಲಾಳವೂ ಬೇಡ, ಮೊದಲ ಮಳೆಗಾಲಕ್ಕೇ ಕೆಂಪು ಕಲೆ ಇಳಿಯುತ್ತದೆ. ಲಾಳವನ್ನು ಗಾರೆಯಲ್ಲಿ ಒತ್ತಿ ತೆಗೆದು ಅಚ್ಚು ಮಾತ್ರ ಉಳಿಸಿ.

ಈಗ ಹೆಜ್ಜೆ. ಮಳೆ ನಿಂತ ಮರುದಿನ ಬೆಳಿಗ್ಗೆ ತೋಡಿನ ಬದಿಯ ನುಣುಪು ಕೆಸರಲ್ಲಿ ಹುಡುಕಿ, ಓರೆ ಬಿಸಿಲಿಗೆ ಗೆರೆ ಎದ್ದು ಕಾಣ್ತದೆ. ಮುಂಗುಸಿಗೆ ಐದು ಬೆರಳು, ಉಗುರಿನ ಚುಕ್ಕಿ ಮುಂದೆ ಬೀಳ್ತದೆ. ನಾಲ್ಕೇ ಬೆರಳು, ಉಗುರಿಲ್ಲ ಅಂದರೆ ಅದು ಬೆಕ್ಕು. ಕೆಂಬೂತಕ್ಕೆ ಎರಡು ಬೆರಳು ಮುಂದೆ, ಎರಡು ಹಿಂದೆ, ಹಿಂದಿನ ಒಂದು ಉಗುರು ನೀಳ. ಮೂರು ಮುಂದೆ, ಒಂದು ಹಿಂದೆ ಇದ್ದರೆ ಕಾಗೆಯೋ ಕೋಳಿಯೋ.

ಸುತ್ತ 5 ಸೆಂಟಿಮೀಟರ್ ಎತ್ತರದ ರಟ್ಟಿನ ಬೇಲಿ ನೆಡಿ. ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸಿಗೆ ಒಂದು ಲೋಟ ನೀರು. ನೀರಿಗೆ ಹುಡಿ ಉದುರಿಸಬೇಕು, ಹುಡಿಗೆ ನೀರು ಹೊಯ್ದರೆ ಗಂಟು ಕಟ್ಟುತ್ತದೆ. ಹೆಜ್ಜೆಯ ಮೇಲೇ ಸುರಿಯದೆ ಪಕ್ಕಕ್ಕೆ ಸುರಿದು ಹರಿಯಲು ಬಿಡಿ. ಅರ್ಧ ಗಂಟೆ ಬಿಟ್ಟು ಅಡಿಯ ಮಣ್ಣು ಸಮೇತ ಎತ್ತಿ, ಮರುದಿನ ತೊಳೆಯಿರಿ.

ಬಂದ ಅಚ್ಚು ಉಬ್ಬಾಗಿರ್ತದೆ, ಅದೇ ನಿಮ್ಮ ಮೊಹರು. ಹಾಗೇ ಒತ್ತಿದರೆ ಪ್ಲಾಸ್ಟರ್ ಗಾರೆಯ ನೀರು ಹೀರಿ ಅಂಟಿಕೊಳ್ತದೆ. ಎರಡು ಕೈ ಫ್ರೆಂಚ್ ಪಾಲಿಶ್ ಕೊಟ್ಟು ಒಣಗಿಸಿ, ಒತ್ತುವಾಗ ತೆಂಗಿನೆಣ್ಣೆ ಸವರಿ. ಗಾರೆಗೆ ಬೆರಳಿಟ್ಟರೆ ಗುರುತು ಬೀಳಬೇಕು, ಬೆರಳಿಗೆ ಮೆತ್ತಬಾರದು, ಅದೇ ಹೊತ್ತು. ಆಳ 4–5 ಎಂಎಂ ಸಾಕು. ಪೀಠದ ಮೇಲ್ಮೈಗೆ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಕೊಡಿ, ಹೆಜ್ಜೆಗಳು ಇಳಿಜಾರಿನ ದಿಕ್ಕಿಗೇ ನಡೆಯಲಿ. ಒಂದೊಂದು ಹೆಜ್ಜೆಯ ಕೆಳಬದಿಯ ಅಂಚನ್ನು ಒದ್ದೆ ಕುಂಚದಿಂದ ತುಸು ತಗ್ಗಿಸಿದರೆ ನೀರು ಅಲ್ಲಿಂದ ಹರಿದುಹೋಗ್ತದೆ.