ನರಳುವವರಿಗೂ ಪಾಪದ ಭಾರ ಹೊತ್ತವರಿಗೂ ನಿತ್ಯವಿಶ್ರಾಂತಿಯ ನಿರೀಕ್ಷೆ

ಪ್ರಶ್ನೆ:
ಸಹೋದರ ಸಹೋದರಿಯರಿಗೆ ವಂದನೆಗಳು. ಬಹುಕಾಲದಿಂದ ಹಾಸಿಗೆ ಹಿಡಿದಿರುವ ನನ್ನ ತಾಯಿಗೆ ಬೈಬಲಿನ ಪ್ರಕಟನೆ ಗ್ರಂಥದ 21ನೇ ಅಧ್ಯಾಯವನ್ನು ಓದಿ ಹೇಳುವಾಗ, ದೇವರು ಕಣ್ಣೀರನ್ನೆಲ್ಲ ಒರಸಿಬಿಡುವನೆಂಬ ಮಾತಿಗೆ ಅವರ ಮುಖ ಅರಳುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಹಳೆಯ ಪಾಪಗಳನ್ನು ನೆನೆದು, ಆ ವಿಶ್ರಾಂತಿಗೆ ತಾವು ಅರ್ಹರಲ್ಲವೆಂದು ಅಳುತ್ತಾರೆ. ನಿರೀಕ್ಷೆಯೂ ಪಶ್ಚಾತ್ತಾಪವೂ ಒಂದೇ ಮನಸ್ಸಿನಲ್ಲಿ ಹೇಗೆ ನಿಲ್ಲಬಲ್ಲವು?

ಉತ್ತರ 1:
ಸಂತ ಅಗಸ್ಟಿನರ ಕೊನೆಯ ದಿನಗಳನ್ನು ನೆನೆಯಿರಿ. 430ರಲ್ಲಿ ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣವನ್ನು ವ್ಯಾಂಡಲರು ಮುತ್ತಿದ್ದಾಗ, ಜ್ವರದಿಂದ ಮಲಗಿದ್ದ ಆ ವೃದ್ಧ ಬಿಷಪರು ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ, ಹಾಸಿಗೆಯಿಂದಲೇ ಕಾಣುವಂತೆ ಗೋಡೆಗೆ ಹಚ್ಚಿಸಿಕೊಂಡು, ಓದುತ್ತ ಓದುತ್ತ ಅತ್ತರೆಂದು ಅವರ ಒಡನಾಡಿ ಪೊಸ್ಸಿಡಿಯಸ್ ಬರೆದಿದ್ದಾರೆ. ನಮ್ಮ ಹೃದಯವು ದೇವರಲ್ಲಿ ನೆಲೆಗೊಳ್ಳುವ ತನಕ ಅದಕ್ಕೆ ನೆಮ್ಮದಿಯಿಲ್ಲವೆಂದು ಬರೆದವರೂ ಅವರೇ. ಕ್ಷಮಿಸುವವನೊಬ್ಬನಿದ್ದಾನೆಂದು ಬಲ್ಲವರು ಅಳುವ ಅಳು ಅದು. ಅದರಲ್ಲಿ ನನಗೆ ನಿರಾಶೆ ಕಾಣುವುದಿಲ್ಲ.

ಉತ್ತರ 2:
ಮೇಲಿನ ಮಾತು ನಿಜ. ಇಬ್ರಿಯರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯವನ್ನು ಅರ್ಧಕ್ಕೆ ನಿಲ್ಲಿಸದೆ ಓದಿರಿ. ದೇವಜನರಿಗೆ ವಿಶ್ರಾಂತಿ ಇನ್ನೂ ಉಳಿದಿದೆಯೆಂದು ಸಾರುವ ಅದೇ ಅಧ್ಯಾಯವು, ನಮ್ಮ ಬಲಹೀನತೆಗಳಿಗಾಗಿ ಮರುಗುವ ಮಹಾಯಾಜಕನಾದ ಯೇಸು ಇದ್ದಾನೆ, ಆದ್ದರಿಂದ ಧೈರ್ಯದಿಂದ ಕೃಪಾಸನದ ಮುಂದೆ ಬರೋಣ ಎಂದು ಮುಗಿಯುತ್ತದೆ. ಅಲ್ಲಿ ಕೇಳಿರುವುದು ನಂಬಿಕೆಯನ್ನೇ ಹೊರತು ಅರ್ಹತೆಯನ್ನಲ್ಲ. ತನ್ನನ್ನು ದುರವಸ್ಥೆಯ ಮನುಷ್ಯನೆಂದು ಕರೆದುಕೊಂಡ ಅಪೊಸ್ತಲ ಪೌಲನು, ಮರುವಾಕ್ಯದಲ್ಲೇ ಕ್ರಿಸ್ತನ ಮೂಲಕ ದೇವರಿಗೆ ಸ್ತೋತ್ರ ಹೇಳಿದನಲ್ಲವೇ?

ಉತ್ತರ 3:
ಸಭಾಪಾಲಕರನ್ನು ಮನೆಗೆ ಕರೆಯಿಸಿರಿ. ತಾಯಿಯವರು ಮನಬಿಚ್ಚಿ ಪಾಪನಿವೇದನೆ ಮಾಡಿ, ಕ್ಷಮಾಪಣೆಯ ಮಾತನ್ನು ಕಿವಿಯಾರೆ ಕೇಳಿ, ಕರ್ತನ ಭೋಜನದಲ್ಲಿ ಪಾಲುಗೊಳ್ಳಲಿ. ಅವರಿಗಾಗಿ ನಾವೂ ಪ್ರಾರ್ಥಿಸುತ್ತೇವೆ.