ಸಹಾಯ ಬೇಕು: ಹಳೇ ಗಿರಾಕಿಗಳನ್ನು ವಾಟ್ಸಾಪ್‌ನಲ್ಲಿ ಉಳಿಸಿಕೊಳ್ಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್‌ನಲ್ಲಿ ಕೈಮಗ್ಗದ ಸೀರೆ ವ್ಯಾಪಾರ. ಇನ್‌ಸ್ಟಾಗ್ರಾಮ್‌ನಲ್ಲಿ ಟೋಪ್ ತೆನಿ ಸೆರಗಿನ (ಇಳಕಲ್ ಸೀರೆಯ ಗುರುತಾದ ಸೆರಗು) ರೀಲ್ಸ್ ಹಾಕಿದರೆ ಲೈಕ್ ಜಾಸ್ತಿ ಬರುತ್ತವೆ. ಆದರೆ ಒಮ್ಮೆ ಸೀರೆ ಕೊಂಡವರು ಮತ್ತೆ ಮಾತಿಗೆ ಸಿಗುತ್ತಿಲ್ಲ. ನನಗೆ ಬೇಕಾದವರು ಅವರೇ. ಸೀರೆ ಹೇಗೆ ಒಗೆಯಬೇಕು, ಮಗ್ಗದ ಮೇಲೆ ಈಗ ಯಾವ ಬಣ್ಣ ಇದೆ ಅಂತ ಅವರಿಗೆ ತಿಳಿಸುತ್ತಾ ಇರಬೇಕು ಅನ್ನೋ ಆಸೆ.

ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿದ್ದೇನೆ. ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ (ಒಂದೇ ಮೆಸೇಜ್ ಹಲವರಿಗೆ ಬೇರೆ ಬೇರೆಯಾಗಿ ಹೋಗುವ ಪಟ್ಟಿ) ಕಳಿಸಿದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಗ್ರೂಪ್ ಮಾಡಿದರೆ ಹೆಣ್ಣುಮಕ್ಕಳ ನಂಬರ್ ಎಲ್ಲರಿಗೂ ಕಾಣುತ್ತದೆ, ಅದು ಸುತಾರಾಂ ಬೇಡ. ಚಾನೆಲ್ ಅಂದರೆ ನಾವೊಬ್ಬರೇ ಮಾತಾಡಿದ ಹಾಗೆ, ಅಲ್ವಾ?

ಹಾಗಾಗಿ ಬ್ರಾಡ್‌ಕಾಸ್ಟೇ ಸರಿ ಅನಿಸುತ್ತಿದೆ. ಸಣ್ಣ ವ್ಯಾಪಾರ ಮಾಡುವವರು ದಯವಿಟ್ಟು ಹೇಳಿ: ಗಿರಾಕಿಗಳಿಗೆ ಕಿರಿಕಿರಿ ಆಗದ ಹಾಗೆ "ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ" ಅಂತ ನೀವು ಯಾವಾಗ, ಹೇಗೆ ಕೇಳುತ್ತೀರಿ?